30 ಚೀಟಿ, 29 ಎಂಟ್ರಿ: ಹಾಲಿನ ಡೇರಿ ನನಗೆ ಕಲಿಸಿದ ಥ್ರೆಡ್-ಸೇಫ್ ಕ್ಯೂ

(ಇದು ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಕೇಳುವಾಗ ಕೋಡ್ ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ಎಲ್ಲವನ್ನೂ ಮಾತಿನಲ್ಲೇ ಹೇಳಲಾಗಿದೆ.)

ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಕುಳಿತವರಿಗೆ, ಹಾಸ್ಟೆಲ್ ಮಂಚದ ಮೇಲೆ ಮಲಗಿ ಕೇಳುತ್ತಿರುವವರಿಗೆ, ಎಲ್ಲರಿಗೂ ಸ್ವಾಗತ. ಇವತ್ತಿನ ವಿಷಯ ಸಿ ಭಾಷೆಯಲ್ಲಿ ಥ್ರೆಡ್-ಸೇಫ್ ಮೆಸೇಜ್ ಕ್ಯೂ. ಹೆಸರು ಕೇಳಿ ಮುಂದಿನ ಸಂಚಿಕೆಗೆ ಹೋಗಬ್ಯಾಡ್ರಿ, ಒಂದೈದು ನಿಮಿಷ ತಡೀರಿ. ಇದು ಹಾಲಿನ ಲೆಕ್ಕದ ಕಥೆ.

ನಮ್ಮೂರು ಕಟಕೋಳ, ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕು. ಕೆಲವು ವರ್ಷಗಳ ಹಿಂದೆ ನಾನು ಹಾಲಿನ ಡೇರಿಗಳಲ್ಲಿ ಇಡುವ ಯಂತ್ರವೊಂದಕ್ಕೆ ಸಾಫ್ಟ್‌ವೇರ್ ಬರೆಯುತ್ತಿದ್ದೆ. ನೀವು ಹಳ್ಳಿಯವರಾದರೆ ಆ ಯಂತ್ರ ನೋಡಿರುತ್ತೀರಿ. ಹಾಲು ಸುರಿದರೆ ತೂಕ ತೋರಿಸುತ್ತದೆ. ಪಕ್ಕದ ಡಬ್ಬಿಯಂಥ ಮಷಿನ್ ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು ಅಂತ ಹೇಳುತ್ತದೆ. ಅದರ ಪ್ರಕಾರ ರೇಟು. ಕೊನೆಗೆ ಕಿರ್ರ್ ಅಂತ ಒಂದು ಚೀಟಿ ಹೊರಗೆ ಬರುತ್ತದೆ.

ನಮ್ಮ ಕಡೆಯದೇ ಒಂದು ಹಳ್ಳಿಯ ಡೇರಿಯಿಂದ ಫೋನ್ ಬಂತು. ಒಬ್ಬ ಅವ್ವ ಜಗಳ ತೆಗೆದಿದ್ದಾರೆ, ಲೆಕ್ಕ ತಪ್ಪಿದೆ ಅಂತಾರೆ, ಬಂದು ನೋಡ್ರಿ ಅಂದರು. ಹೋದೆ. ಅವರು ಚೀಟಿಗಳನ್ನೆಲ್ಲ ಒಂದು ತಂತಿಗೆ ಚುಚ್ಚಿ ಇಟ್ಟಿದ್ದರು. ದಿನಕ್ಕೆ ಎರಡು ಹೊತ್ತು, ಹದಿನೈದು ದಿನಕ್ಕೊಮ್ಮೆ ಬಟವಾಡೆ. ಅಂದರೆ 30 ಚೀಟಿ.

"ನೋಡ ತಮ್ಮಾ, ಎಣಿಸ. ಮೂವತ್ತ ಅದಾವು. ನಿನ್ನ ಮಷಿನ್ ಇಪ್ಪತ್ತೊಂಬತ್ತ ಅಂತೈತಿ. ಒಂದ ಹೊತ್ತಿನ ಹಾಲ ನಾ ಏನ್ ಮಾಡಿದೆ ಹಂಗಾರ?"

ಸೆಕ್ರೆಟರಿ ನನ್ನ ಮುಖ ನೋಡಿದರು. ಪಾಳಿಯಲ್ಲಿ ನಿಂತವರೊಬ್ಬರು ಮೆಲ್ಲಗೆ ಅಂದರು: "ಮಷಿನ್ ಸುಳ್ಳ ಹೇಳತೈತೇನ ಯವ್ವಾ?"

ಮಷಿನ್ ಸುಳ್ಳು ಹೇಳಿತ್ತು. ಅದಕ್ಕೆ ಸುಳ್ಳು ಹೇಳಲು ಕಲಿಸಿದ್ದು ನಾನು.

ಕಳೆದದ್ದು ಎಲ್ಲಿ

ಮೊದಲು ಥ್ರೆಡ್ ಅಂದರೆ ಏನು ನೋಡೋಣ. ಥ್ರೆಡ್ ಅಂದರೆ ಎಳೆ. ರಾಮದುರ್ಗದಲ್ಲಿ ಮಗ್ಗದ ಮುಂದೆ ಕುಳಿತವರಿಗೆ ಎಳೆ ಏನು ಅಂತ ಹೇಳಿಕೊಡಬೇಕಾಗಿಲ್ಲ. ಬಟ್ಟೆ ಒಂದೇ, ಎಳೆಗಳು ಹಲವು. ಪ್ರೋಗ್ರಾಂ ಕೂಡ ಹಾಗೆಯೇ. ಒಂದೇ ಪ್ರೋಗ್ರಾಂ, ಒಂದೇ ಮೆಮೊರಿ, ಆದರೆ ಒಳಗೆ ಹಲವು ಎಳೆಗಳು ತಮ್ಮ ತಮ್ಮ ಕೆಲಸ ನಡೆಸುತ್ತಿರುತ್ತವೆ. ಮೆಮೊರಿ ಎಲ್ಲರಿಗೂ ಸೇರಿದ್ದು ಅನ್ನುವುದನ್ನು ನೆನಪಿಡಿ. ಅನುಕೂಲವೂ ಅಲ್ಲೇ ಇದೆ, ಅಪಾಯವೂ ಅಲ್ಲೇ ಇದೆ.

ಆ ಡೇರಿಯಲ್ಲಿ ಎರಡು ಕೌಂಟರ್ ಇದ್ದವು. ಒಂದು ಆಕಳ ಹಾಲಿಗೆ, ಇನ್ನೊಂದು ಎಮ್ಮೆ ಹಾಲಿಗೆ. ಪ್ರತಿ ಕೌಂಟರ್‌ಗೆ ಒಂದು ಥ್ರೆಡ್. ತೂಕ, ಫ್ಯಾಟ್, ಸದಸ್ಯರ ನಂಬರ್ ಸೇರಿಸಿ ಒಂದು ಎಂಟ್ರಿ ಮಾಡುವುದು, ಚೀಟಿ ಕೊಡುವುದು, ಎಂಟ್ರಿಯನ್ನು ಪಾಳಿಗೆ ಹಚ್ಚುವುದು ಅದರ ಕೆಲಸ. ಮೂರನೆಯ ಥ್ರೆಡ್ ಪಾಳಿಯಿಂದ ಎಂಟ್ರಿಗಳನ್ನು ಒಂದೊಂದಾಗಿ ತೆಗೆದು ಮೆಮೊರಿ ಕಾರ್ಡಿಗೆ ಬರೆದು, ಆಮೇಲೆ ಎಸ್‌ಎಂಎಸ್ ಕಳಿಸುತ್ತದೆ. ನಡುವೆ ಇರುವ ಆ ಪಾಳಿಯೇ ಮೆಸೇಜ್ ಕ್ಯೂ. ಮೊದಲು ಬಂದದ್ದು ಮೊದಲು ಹೊರಗೆ ಹೋಗುತ್ತದೆ.

ಪಾಳಿ ಯಾಕೆ ಬೇಕು? ಕಾರ್ಡಿಗೆ ಬರೆಯುವುದು, ಎಸ್‌ಎಂಎಸ್ ಕಳಿಸುವುದು ನಿಧಾನದ ಕೆಲಸ. ಪ್ರತಿ ಎಂಟ್ರಿಗೂ ಕೌಂಟರ್ ಕಾಯುತ್ತ ನಿಂತರೆ ಹೊರಗೆ ಕ್ಯಾನ್ ಹಿಡಿದವರ ಸಾಲು ರಸ್ತೆಗೆ ಬರುತ್ತದೆ.

ನಿಮ್ಮ ಕೈಯಲ್ಲಿರುವ ಫೋನಿನಲ್ಲೂ ಇದೇ ನಡೆಯುತ್ತಿದೆ. ಆಂಡ್ರಾಯ್ಡ್‌ನಲ್ಲಿ ಪ್ರತಿ ಆ್ಯಪ್‌ಗೂ ಒಂದು ಮುಖ್ಯ ಥ್ರೆಡ್, ಅದರ ಮುಂದೆ ಒಂದು ಮೆಸೇಜ್ ಕ್ಯೂ. ನೀವು ಬೆರಳು ಮುಟ್ಟಿಸಿದ್ದು, ಪರದೆ ಮತ್ತೆ ಬರೆಯಬೇಕಾದದ್ದು, ಎಲ್ಲವೂ ಅಲ್ಲಿ ಸಾಲಾಗಿ ನಿಲ್ಲುತ್ತವೆ. ಮುಖ್ಯ ಥ್ರೆಡ್ ಒಂದೇ ಕೆಲಸದಲ್ಲಿ ಸಿಕ್ಕಿಕೊಂಡು, ನಿಮ್ಮ ಬೆರಳಿಗೆ 5 ಸೆಕೆಂಡ್ ಉತ್ತರ ಕೊಡದಿದ್ದರೆ "ಆ್ಯಪ್ ಪ್ರತಿಕ್ರಿಯಿಸುತ್ತಿಲ್ಲ" ಅಂತ ಬರುತ್ತದಲ್ಲ, ಅದು ಪಾಳಿ ನಿಂತುಹೋದದ್ದರ ಸುದ್ದಿ.

ಈಗ ನನ್ನ ತಪ್ಪಿಗೆ ಬರ್ತೀನಿ. ನನ್ನ ಕ್ಯೂ ಅಂದರೆ 64 ಮನೆಗಳ ಒಂದು ಅರೇ. 'ಹೆಡ್' ಅನ್ನುವ ಸಂಖ್ಯೆ ಮುಂದಿನ ಎಂಟ್ರಿ ಯಾವ ಮನೆಯಿಂದ ತೆಗೆಯಬೇಕು ಅಂತ ಹೇಳುತ್ತದೆ. 'ಟೇಲ್' ಅನ್ನುವ ಸಂಖ್ಯೆ ಹೊಸ ಎಂಟ್ರಿ ಯಾವ ಮನೆಯಲ್ಲಿ ಇಡಬೇಕು ಅಂತ ಹೇಳುತ್ತದೆ. ಇಟ್ಟ ಮೇಲೆ ಟೇಲ್‌ಗೆ ಒಂದು ಕೂಡಿಸು, ಕೊನೆಯ ಮನೆ ಮುಗಿದರೆ ಮತ್ತೆ ಸೊನ್ನೆಯಿಂದ ಶುರು ಮಾಡು.

ಟೇಲ್ 7 ಇದೆ ಅಂದುಕೊಳ್ಳಿ. ಆಕಳ ಕೌಂಟರ್‌ನ ಥ್ರೆಡ್ ಬಂದು ಟೇಲ್ ಓದಿತು, 7. ಮನೆಯಲ್ಲಿ ಇಡುವಷ್ಟರಲ್ಲಿ ಆಪರೇಟಿಂಗ್ ಸಿಸ್ಟಂ ಅದನ್ನು ನಿಲ್ಲಿಸಿ ಇನ್ನೊಂದಕ್ಕೆ ಅವಕಾಶ ಕೊಟ್ಟಿತು. ಎಮ್ಮೆ ಕೌಂಟರ್‌ನ ಥ್ರೆಡ್ ಟೇಲ್ ಓದಿತು, ಅದಕ್ಕೂ 7. ತನ್ನ ಎಂಟ್ರಿಯನ್ನು 7ನೇ ಮನೆಯಲ್ಲಿ ಇಟ್ಟು, ಟೇಲ್ ಅನ್ನು 8 ಮಾಡಿತು. ಮೊದಲಿನ ಥ್ರೆಡ್ ಮತ್ತೆ ಎದ್ದಿತು. ಅದರ ಕೈಯಲ್ಲಿ ಇನ್ನೂ ಹಳೆಯ 7. ತನ್ನದನ್ನೂ ಅದೇ ಮನೆಯಲ್ಲಿ ಇಟ್ಟು, ಟೇಲ್ 8 ಅಂತ ಬರೆಯಿತು.

ಎರಡು ಎಂಟ್ರಿ ಬಂದವು. ಮನೆಯಲ್ಲಿ ಉಳಿದದ್ದು ಒಂದೇ. ಎಮ್ಮೆ ಹಾಲಿನ ಎಂಟ್ರಿಯ ಮೇಲೆ ಆಕಳ ಹಾಲಿನ ಎಂಟ್ರಿ ಕೂತಿತ್ತು. ಆ ಅವ್ವ ಹಾಕುತ್ತಿದ್ದದ್ದು ಎಮ್ಮೆ ಹಾಲು. ಚೀಟಿ ಕೌಂಟರ್‌ನಲ್ಲೇ ಬಂದಿತ್ತು, ಹಾಗಾಗಿ ಅವರ ಕೈಯಲ್ಲಿ ಇತ್ತು. ಲೆಕ್ಕದಲ್ಲಿ ಇರಲಿಲ್ಲ.

ಇದಕ್ಕೆ ರೇಸ್ ಕಂಡೀಷನ್ ಅಂತಾರೆ. ಎರಡು ಎಳೆಗಳ ನಡುವಿನ ಪೈಪೋಟಿ, ಉತ್ತರ ಯಾರು ಮೊದಲು ಅನ್ನುವುದರ ಮೇಲೆ ನಿಂತಿರುತ್ತದೆ. ಇದರ ಕೆಟ್ಟ ಗುಣ ಏನಂದರೆ, ಎಲ್ಲ ಸಲ ಆಗುವುದಿಲ್ಲ. ಆ ಎರಡು ಹೆಜ್ಜೆಗಳ ನಡುವಿನ ಕಿಂಡಿ ಬಹಳ ಸಣ್ಣದು. ನನ್ನ ಟೇಬಲ್ ಮೇಲೆ ಒಂದೇ ಕೌಂಟರ್ ಇಟ್ಟು ಪರೀಕ್ಷೆ ಮಾಡಿದಾಗ ಎಲ್ಲ ಸರಿ ಇತ್ತು. ಹಳ್ಳಿಯಲ್ಲಿ ಎರಡನೇ ಕೌಂಟರ್ ಶುರುವಾದ ಮೇಲೆ, ಅದೂ ಮುಂಜಾನೆಯ ಗದ್ದಲದಲ್ಲಿ, ಯಾವಾಗಲೋ ಒಮ್ಮೆ ಆಗುತ್ತಿತ್ತು.

ಒಂದೇ ಕೀಲಿ

ಪರಿಹಾರದ ಮೂಲ ವಿಚಾರ ಹಳೆಯದು. ನೆದರ್ಲೆಂಡ್ಸ್‌ನ ಎಡ್ಸ್‌ಗರ್ ಡೈಕ್‌ಸ್ಟ್ರಾ 1965ರಲ್ಲೇ ಇದರ ಬಗ್ಗೆ ಪ್ರಬಂಧ ಪ್ರಕಟಿಸಿದ್ದರು: ಹಂಚಿಕೊಂಡ ವಸ್ತುವಿನ ಹತ್ತಿರ ಒಂದು ಸಲಕ್ಕೆ ಒಬ್ಬರೇ ಹೋಗುವಂತೆ ಮಾಡುವುದು ಹೇಗೆ ಅಂತ. ಸಿ ಬರೆಯುವವರಿಗೆ ಇದು ಪಿಥ್ರೆಡ್ಸ್ ಲೈಬ್ರರಿಯಲ್ಲಿ ಸಿಗುತ್ತದೆ. ಅದರ ಪೋಸಿಕ್ಸ್ ಮಾನದಂಡ ಬಂದದ್ದು 1995ರಲ್ಲಿ. ಸಿ ಭಾಷೆಯ ಸ್ವಂತ ಮಾನದಂಡಕ್ಕೆ ಥ್ರೆಡ್ ಸೇರಿದ್ದು 2011ರಲ್ಲಿ.

ಅದರ ಮೊದಲ ಉಪಕರಣ ಮ್ಯೂಟೆಕ್ಸ್. ಒಂದು ಕೋಣೆ, ಒಂದೇ ಕೀಲಿ ಅಂದುಕೊಳ್ಳಿ. ಕೀಲಿ ಇದ್ದವರು ಒಳಗೆ ಹೋಗುತ್ತಾರೆ, ಉಳಿದವರು ಹೊರಗೆ ಕಾಯುತ್ತಾರೆ. ಟೇಲ್ ಓದುವುದು, ಎಂಟ್ರಿ ಇಡುವುದು, ಟೇಲ್ ಮುಂದೆ ಸರಿಸುವುದು, ಈ ಮೂರೂ ಹೆಜ್ಜೆಗಳು ಒಂದೇ ಸಲ ಕೀಲಿ ಹಿಡಿದಾಗ ಮುಗಿಯಬೇಕು. ನಡುವೆ ಸಿಸ್ಟಂ ಆ ಥ್ರೆಡ್ ಅನ್ನು ನಿಲ್ಲಿಸಿದರೂ ಚಿಂತೆ ಇಲ್ಲ. ಕೀಲಿ ಅದರ ಕೈಯಲ್ಲೇ ಇದೆ, ಇನ್ನೊಬ್ಬರು ಒಳಗೆ ಬರಲಾರರು.

ಇಲ್ಲಿ ಹೊಸಬರು ಎಡವುವುದು ಎರಡು ಕಡೆ. ಒಂದು, ಇಡುವವರು ಮಾತ್ರ ಕೀಲಿ ಹಾಕಿ, ತೆಗೆಯುವವರು ಹಾಗೇ ಒಳಗೆ ನುಗ್ಗುವುದು. ಕೀಲಿ ಕಾಯುವುದು ಕೋಡನ್ನಲ್ಲ, ಡೇಟಾವನ್ನು. ಹೆಡ್, ಟೇಲ್, ಅರೇ ಮುಟ್ಟುವ ಪ್ರತಿಯೊಬ್ಬರೂ, ಬರೀ ಓದಲಿಕ್ಕೆ ಬಂದವರೂ, ಅದೇ ಕೀಲಿ ತಗೊಳ್ಳಬೇಕು. ಇನ್ನೊಂದು, 'ವೊಲಟೈಲ್' ಅಂತ ಬರೆದರೆ ಸಾಕು ಅಂದುಕೊಳ್ಳುವುದು. ಅದು ಸಾಲದು. ವೊಲಟೈಲ್ ಅನ್ನುವುದು ಕಂಪೈಲರ್‌ಗೆ "ಪ್ರತಿ ಸಲ ಮೆಮೊರಿಯಿಂದಲೇ ಓದು" ಅಂತ ಹೇಳುತ್ತದೆ ಅಷ್ಟೆ, ಇಬ್ಬರು ಒಟ್ಟಿಗೆ ಬರುವುದನ್ನು ಅದು ತಡೆಯುವುದಿಲ್ಲ.

ಸಿ ಭಾಷೆಗೆ ಸೇರಿದ ಇನ್ನೊಂದು ಅಪಾಯವೂ ಇದೆ. ಕೀಲಿ ಹಿಡಿದು ಒಳಗೆ ಹೋದಿರಿ, ನಡುವೆ ಏನೋ ತಪ್ಪಾಯಿತು ಅಂತ ಫಂಕ್ಷನ್‌ನಿಂದ 'ರಿಟರ್ನ್' ಮಾಡಿಬಿಟ್ಟಿರಿ. ಕೀಲಿ ಯಾರ ಹತ್ತಿರ? ಯಾರೂ ವಾಪಸ್ ಕೊಟ್ಟಿಲ್ಲ. ಉಳಿದ ಥ್ರೆಡ್‌ಗಳು ಯಂತ್ರ ಬಂದ್ ಮಾಡುವ ತನಕ ಬಾಗಿಲಲ್ಲೇ ನಿಂತಿರುತ್ತವೆ. ಸಿ ತಾನಾಗಿ ಬಾಗಿಲು ತೆರೆಯುವುದಿಲ್ಲ. ಅದಕ್ಕೇ ಅನುಭವಿಗಳು ಇಂಥ ಫಂಕ್ಷನ್‌ನಿಂದ ಹೊರಗೆ ಹೋಗಲು ಒಂದೇ ದಾರಿ ಇಟ್ಟು, ಅಲ್ಲಿ ಅನ್‌ಲಾಕ್ ಬರೆಯುತ್ತಾರೆ.

ಗಿರಣಿಯವನ ನಿದ್ದೆ

ಕೀಲಿ ಸಿಕ್ಕಿತು. ಆದರೆ ಪಾಳಿ ಖಾಲಿ ಇದ್ದಾಗ ಮೂರನೆಯ ಥ್ರೆಡ್ ಏನು ಮಾಡಬೇಕು? ನಾನು ಮೊದಲು ಬರೆದದ್ದು ಹೀಗಿತ್ತು: ಕೀಲಿ ತಗೊ, ನೋಡು, ಖಾಲಿ ಇದೆ, ಕೀಲಿ ಬಿಡು, ಮತ್ತೆ ತಗೊ, ಮತ್ತೆ ನೋಡು. ಸೆಕೆಂಡಿಗೆ ಲೆಕ್ಕವಿಲ್ಲದಷ್ಟು ಸಲ. ಪ್ರೊಸೆಸರ್ ಬಿಸಿಯಾಯಿತು, ಬ್ಯಾಟರಿ ಇಳಿಯಿತು.

ನಮ್ಮ ಕಡೆ ಹಿಟ್ಟಿನ ಗಿರಣಿ ನೆನಪು ಮಾಡಿಕೊಳ್ಳಿ. ಮಧ್ಯಾಹ್ನದ ಹೊತ್ತು, ಜೋಳದ ಡಬ್ಬಿ ಒಂದೂ ಇಲ್ಲ. ಗಿರಣಿಯವನು ನಿಮಿಷಕ್ಕೊಮ್ಮೆ ಬಾಗಿಲಿಗೆ ಬಂದು ಇಣುಕುವುದಿಲ್ಲ. ಒಂದು ಹಾಸು ಹಾಕಿ ಮಲಗುತ್ತಾನೆ. ನೀವು ಡಬ್ಬಿ ಇಟ್ಟು "ಡಬ್ಬಿ ಇಟ್ಟೇನ್ರಿ" ಅಂತ ಕೂಗಿದರೆ ಏಳುತ್ತಾನೆ.

ಪ್ರೋಗ್ರಾಂನಲ್ಲಿ ಈ ಕೂಗಿಗೆ ಕಂಡೀಷನ್ ವೇರಿಯಬಲ್ ಅಂತ ಹೆಸರು. ಮಲಗುವುದಕ್ಕೆ 'ವೇಟ್', ಕೂಗುವುದಕ್ಕೆ 'ಸಿಗ್ನಲ್', ಮಲಗಿದವರನ್ನೆಲ್ಲ ಎಬ್ಬಿಸುವುದಕ್ಕೆ 'ಬ್ರಾಡ್‌ಕಾಸ್ಟ್'.

ಇದರಲ್ಲಿ ಎರಡು ಸೂಕ್ಷ್ಮ ಇವೆ. ಮೊದಲನೆಯದು: ಕೂಗನ್ನು ಯಾರೂ ಎತ್ತಿ ಇಟ್ಟುಕೊಳ್ಳುವುದಿಲ್ಲ. ಮಲಗಿದವರು ಇದ್ದರೆ ಏಳುತ್ತಾರೆ, ಇಲ್ಲದಿದ್ದರೆ ಕೂಗು ಗಾಳಿಗೆ ಹೋಯಿತು. ಗಿರಣಿಯವನು ನೋಡಿದ, ಡಬ್ಬಿ ಇಲ್ಲ. ಮಲಗಲು ಹೊರಟ. ಅಷ್ಟರಲ್ಲಿ ನೀವು ಡಬ್ಬಿ ಇಟ್ಟು ಕೂಗಿದಿರಿ. ಆ ಕೂಗು ಹೋಯಿತು. ಆಮೇಲೆ ಅವನು ಮಲಗಿದ. ಡಬ್ಬಿ ಅಲ್ಲೇ ಇದೆ, ಅವನೂ ಅಲ್ಲೇ ಇದ್ದಾನೆ, ಇಬ್ಬರೂ ಕಾಯುತ್ತಿದ್ದಾರೆ. ಇದನ್ನು ತಪ್ಪಿಸಲೆಂದೇ 'ವೇಟ್' ಮಾಡುವಾಗ ಮ್ಯೂಟೆಕ್ಸ್ ಅನ್ನೂ ಜೊತೆಗೆ ಕೊಡಬೇಕು. ಕೀಲಿ ಬಿಡುವುದು ಮತ್ತು ಮಲಗುವುದು, ನಡುವೆ ಸಂದು ಇಲ್ಲದಂತೆ, ಒಂದೇ ಕೆಲಸವಾಗಿ ನಡೆಯುತ್ತದೆ. ಎದ್ದಾಗ ಕೀಲಿ ಮತ್ತೆ ಕೈಗೆ ಬಂದಿರುತ್ತದೆ.

ಎರಡನೆಯದು: ಎಚ್ಚರ ಆಯಿತು ಅಂದರೆ ಡಬ್ಬಿ ಬಂದಿದೆ ಅಂತ ಅರ್ಥವಲ್ಲ. ಯಾರೂ ಕೂಗದೆ ಎಚ್ಚರ ಆಗಬಹುದು. ಪೋಸಿಕ್ಸ್ ಇದಕ್ಕೆ ಅವಕಾಶ ಕೊಟ್ಟಿದೆ. ಅಥವಾ ಗಿರಣಿಯಲ್ಲಿ ಇಬ್ಬರಿದ್ದು, ಇವನು ಕಣ್ಣು ಉಜ್ಜಿಕೊಳ್ಳುವಷ್ಟರಲ್ಲಿ ಇನ್ನೊಬ್ಬ ಡಬ್ಬಿ ಎತ್ತಿಕೊಂಡು ಹೋಗಿರಬಹುದು. ಹಾಗಾಗಿ ಎದ್ದ ಮೇಲೆ ಮತ್ತೆ ನೋಡಬೇಕು, ಇಲ್ಲದಿದ್ದರೆ ಮತ್ತೆ ಮಲಗಬೇಕು. ಕೋಡ್‌ನಲ್ಲಿ ಇದರ ಅರ್ಥ: ವೇಟ್ ಸುತ್ತ 'ಇಫ್' ಬರೆಯಬೇಡಿ, 'ವೈಲ್' ಬರೆಯಿರಿ. ಇಡೀ ಸಂಚಿಕೆಯಲ್ಲಿ ಒಂದೇ ಮಾತು ನೆನಪಿಡುತ್ತೀನಿ ಅನ್ನುವವರು ಇದನ್ನು ಇಟ್ಟುಕೊಳ್ಳಿ.

ಪಾಳಿ ತುಂಬಿದರೆ

ಕಬ್ಬಿನ ಹಂಗಾಮಿನಲ್ಲಿ ಬೆಳಗಾವಿ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳ ಮುಂದೆ ಹೋಗಿದ್ದೀರಾ? ಯಾರ್ಡ್ ತುಂಬಿದ ಮೇಲೂ ಟ್ರ್ಯಾಕ್ಟರ್‌ಗಳನ್ನು ಒಳಗೆ ಬಿಟ್ಟರೆ ಯಾರೂ ಅಲುಗಾಡಲಾರರು. ಅದಕ್ಕೇ ಗೇಟಿನಲ್ಲಿ ನಿಲ್ಲಿಸುತ್ತಾರೆ. ಒಳಗೆ ಒಂದು ಗಾಡಿ ಖಾಲಿಯಾದರೆ ಹೊರಗಿನ ಒಂದು ಗಾಡಿಗೆ ಕರೆ ಬರುತ್ತದೆ.

ಕ್ಯೂಗೂ ಮಿತಿ ಬೇಕು. ಮಿತಿ ಇಲ್ಲದೆ ಬೆಳೆಯುತ್ತ ಹೋದರೆ ಮೆಮೊರಿ ಒಂದು ದಿನ ಮುಗಿಯುತ್ತದೆ. ಹಾಗಾಗಿ ಎರಡು ಕೂಗು ಬೇಕು. 'ಖಾಲಿ ಇಲ್ಲ' ಅನ್ನುವುದು ತೆಗೆಯುವವರನ್ನು ಎಬ್ಬಿಸುತ್ತದೆ, 'ತುಂಬಿಲ್ಲ' ಅನ್ನುವುದು ಇಡುವವರನ್ನು.

ಈಗ ಇಡೀ ಕ್ಯೂವನ್ನು ಒಂದೇ ಉಸಿರಿನಲ್ಲಿ ಹೇಳಬಹುದು. ಒಂದು ಸ್ಟ್ರಕ್ಟ್. ಒಳಗೆ ಎಂಟ್ರಿಗಳ ಅರೇ, ಹೆಡ್, ಟೇಲ್, ಎಷ್ಟಿವೆ ಅನ್ನುವ ಎಣಿಕೆ, ಒಂದು ಮ್ಯೂಟೆಕ್ಸ್, ಎರಡು ಕಂಡೀಷನ್ ವೇರಿಯಬಲ್, 'ಮುಚ್ಚಿದೆ' ಅನ್ನುವ ಒಂದು ಗುರುತು.

ಇಡುವ ಫಂಕ್ಷನ್: ಲಾಕ್ ಮಾಡು. ಎಣಿಕೆ 64 ಇರುವ ತನಕ, ಕ್ಯೂ ಮುಚ್ಚಿಲ್ಲದಿದ್ದರೆ, 'ತುಂಬಿಲ್ಲ' ಮೇಲೆ ವೇಟ್ ಮಾಡು. ಮುಚ್ಚಿದ್ದರೆ ಅನ್‌ಲಾಕ್ ಮಾಡಿ, ಆಗಲಿಲ್ಲ ಅಂತ ಹೇಳಿ ಹೊರಡು. ಇಲ್ಲದಿದ್ದರೆ ಟೇಲ್ ಮನೆಯಲ್ಲಿ ಎಂಟ್ರಿ ಇಡು, ಟೇಲ್ ಸರಿಸು, ಎಣಿಕೆಗೆ ಒಂದು ಕೂಡಿಸು, 'ಖಾಲಿ ಇಲ್ಲ' ಅಂತ ಸಿಗ್ನಲ್ ಕೊಡು, ಅನ್‌ಲಾಕ್ ಮಾಡು.

ತೆಗೆಯುವ ಫಂಕ್ಷನ್ ಇದರದೇ ಕನ್ನಡಿ: ಲಾಕ್ ಮಾಡು. ಎಣಿಕೆ ಸೊನ್ನೆ ಇರುವ ತನಕ, ಕ್ಯೂ ಮುಚ್ಚಿಲ್ಲದಿದ್ದರೆ, 'ಖಾಲಿ ಇಲ್ಲ' ಮೇಲೆ ವೇಟ್ ಮಾಡು. ಎಣಿಕೆ ಸೊನ್ನೆಯೂ ಆಗಿ, ಕ್ಯೂ ಮುಚ್ಚಿಯೂ ಇದ್ದರೆ ಅನ್‌ಲಾಕ್ ಮಾಡಿ, ಮುಗಿಯಿತು ಅಂತ ಹೇಳಿ ಹೊರಡು. ಇಲ್ಲದಿದ್ದರೆ ಹೆಡ್ ಮನೆಯ ಎಂಟ್ರಿ ತಗೊ, ಹೆಡ್ ಸರಿಸು, ಎಣಿಕೆಯಿಂದ ಒಂದು ಕಳೆ, 'ತುಂಬಿಲ್ಲ' ಅಂತ ಸಿಗ್ನಲ್ ಕೊಡು, ಅನ್‌ಲಾಕ್ ಮಾಡು.

ಮುಚ್ಚುವ ಫಂಕ್ಷನ್: ಲಾಕ್ ಮಾಡಿ ಗುರುತು ಹಾಕು, ಎರಡೂ ಕಡೆ ಬ್ರಾಡ್‌ಕಾಸ್ಟ್ ಮಾಡು, ಅನ್‌ಲಾಕ್ ಮಾಡು. ಗಮನಿಸಿ, ಮುಚ್ಚಿದ ಮೇಲೂ ಒಳಗೆ ಉಳಿದ ಎಂಟ್ರಿಗಳನ್ನು ತೆಗೆಯುವವನು ತೆಗೆದೇ ಹೋಗುತ್ತಾನೆ. ಡೇರಿಯ ಬಾಗಿಲು ಹಾಕಿದ ಮಾತ್ರಕ್ಕೆ ಕೊನೆಯಲ್ಲಿ ನಿಂತವರ ಹಾಲು ಚೆಲ್ಲಬಾರದಲ್ಲ.

ಬುಟ್ಟಿ ಯಾರದು

ಸಿ ಭಾಷೆಯಲ್ಲಿ ಇನ್ನೊಂದು ಪ್ರಶ್ನೆ ಯಾವಾಗಲೂ ಬೆನ್ನಿಗೆ ಇರುತ್ತದೆ: ಈ ಮೆಮೊರಿ ಯಾರದು?

ಕ್ಯೂನಲ್ಲಿ ಎಂಟ್ರಿಯ ಬದಲು ಅದರ ಪಾಯಿಂಟರ್ ಇಡುವುದು ಬಹಳ ಜನರ ಅಭ್ಯಾಸ. ಪಾಯಿಂಟರ್ ಅಂದರೆ ವಿಳಾಸ, ವಸ್ತುವಲ್ಲ. ಕೌಂಟರ್ ಥ್ರೆಡ್ ಪ್ರತಿ ಸಲ ಒಂದೇ ಬಫರ್‌ನಲ್ಲಿ ಎಂಟ್ರಿ ತಯಾರಿಸಿ ಅದರ ವಿಳಾಸವನ್ನೇ ಕ್ಯೂಗೆ ಕೊಟ್ಟರೆ ಏನಾಗುತ್ತದೆ? ಪಾಳಿಯಲ್ಲಿ ಐದು ವಿಳಾಸ, ಐದೂ ಒಂದೇ ಮನೆಯದು. ತೆಗೆದು ನೋಡಿದರೆ ಐದು ಜನರ ಹೆಸರಿನಲ್ಲೂ ಕೊನೆಯವರ ಹಾಲು. ಇಲ್ಲಿ ಮ್ಯೂಟೆಕ್ಸ್ ಸರಿಯಾಗಿದ್ದರೂ ಪ್ರಯೋಜನವಿಲ್ಲ.

ದಾರಿ ಎರಡು. ಎಂಟ್ರಿ ಸಣ್ಣದಿದ್ದರೆ ಪಾಯಿಂಟರ್ ಬೇಡ, ಇಡೀ ಎಂಟ್ರಿಯನ್ನೇ ಕ್ಯೂನ ಮನೆಯೊಳಗೆ ನಕಲು ಮಾಡಿ. ನಾನು ಮಾಡಿದ್ದು ಇದನ್ನೇ. ದೊಡ್ಡದಿದ್ದರೆ ಪ್ರತಿ ಸಲ 'ಮಾಲಾಕ್' ಮಾಡಿ ಹೊಸ ಜಾಗ ತಗೊಂಡು ಅದರ ವಿಳಾಸ ಕೊಡಿ. ಆಗ ಒಂದು ಒಪ್ಪಂದ ಬೇಕು: ಬುಟ್ಟಿಯನ್ನು ಪಾಳಿಯಲ್ಲಿ ಇಟ್ಟ ಮೇಲೆ ಅದು ಇಟ್ಟವರದಲ್ಲ, ತೆಗೆದವರದು. 'ಫ್ರೀ' ಮಾಡುವುದು ತೆಗೆದವರ ಕೆಲಸ. ಇಟ್ಟವರು ಮತ್ತೆ ಮುಟ್ಟುವ ಹಾಗಿಲ್ಲ. ಈ ಒಪ್ಪಂದವನ್ನು ಸಿ ಕಂಪೈಲರ್ ಕಾಯುವುದಿಲ್ಲ. ಫಂಕ್ಷನ್ ಮೇಲೆ ಒಂದು ಸಾಲು ಕಮೆಂಟ್ ಬರೆದಿಡಿ, ಮುಂದೆ ಓದುವವರು ನಿಮ್ಮನ್ನು ನೆನೆಯುತ್ತಾರೆ.

ನನ್ನ ಎರಡನೇ ತಪ್ಪು, ಮೂರನೇ ತಪ್ಪು

ಕೀಲಿ ಹಾಕಿದ ಹೊಸ ಕೋಡ್ ಅನ್ನು ಅದೇ ಡೇರಿಗೆ ತಗೊಂಡು ಹೋದೆ. ಲೆಕ್ಕ ಸರಿಹೋಯಿತು. ಎರಡು ದಿನಕ್ಕೆ ಮತ್ತೆ ಫೋನ್: "ಸರ, ಮಷಿನ್ ಆಗಾಗ ಸುಮ್ಮನ ನಿಂದರತೈತಿ. ಮಂದಿ ಒದರಾಕ ಹತ್ಯಾರ."

ನಾನು ಮಾಡಿದ್ದೇನೆಂದರೆ, ತೆಗೆಯುವ ಥ್ರೆಡ್ ಕೀಲಿ ಹಿಡಿದುಕೊಂಡೇ ಎಸ್‌ಎಂಎಸ್ ಕಳಿಸುತ್ತಿತ್ತು. ಅಲ್ಲಿ ರೇಂಜ್ ಸರಿಯಾಗಿ ಸಿಗುವುದಿಲ್ಲ. ಎಸ್‌ಎಂಎಸ್ ಹೋಗುವ ತನಕ ಕೀಲಿ ಒಳಗೆ, ಎರಡೂ ಕೌಂಟರ್ ಹೊರಗೆ. ನಿಧಾನದ ಕೆಲಸ ಕೌಂಟರ್‌ಗೆ ತಟ್ಟಬಾರದು ಅಂತಲೇ ಕ್ಯೂ ಕಟ್ಟಿದ್ದು, ಕೊನೆಗೆ ಅದನ್ನೇ ಮಾಡಿದ್ದೆ. ನಿಯಮ ಸರಳ: ಕೀಲಿ ಹಿಡಿದು ಎಂಟ್ರಿ ನಕಲು ಮಾಡಿಕೊ, ಕೀಲಿ ಬಿಡು, ಆಮೇಲೆ ನಿಧಾನದ ಕೆಲಸ ಮಾಡು.

ಮೂರನೆಯದು ಇನ್ನೂ ಆಳದ್ದು, ಅದನ್ನು ಯಾವ ಮ್ಯೂಟೆಕ್ಸೂ ಹಿಡಿಯಲಾರದು. ಕ್ಯೂ ಇರುವುದು ಮೆಮೊರಿಯಲ್ಲಿ. ಕರೆಂಟ್ ಹೋಗಿ, ಬ್ಯಾಟರಿಯೂ ಕೈಕೊಟ್ಟರೆ, ಪಾಳಿಯಲ್ಲಿ ನಿಂತ ಎಂಟ್ರಿಗಳೆಲ್ಲ ಮಾಯ. ಕಾರ್ಡಿಗೆ ಇನ್ನೂ ಬರೆದಿಲ್ಲ. ಆದರೆ ಚೀಟಿ? ಅದು ಕೌಂಟರ್‌ನಲ್ಲಿ ಆಗಲೇ ಕೈಗೆ ಹೋಗಿದೆ. ಮತ್ತೆ 30 ಚೀಟಿ, 29 ಎಂಟ್ರಿ. ಥ್ರೆಡ್-ಸೇಫ್ ಅನ್ನುವುದು ಬೇರೆ, ಕರೆಂಟ್ ಹೋದರೂ ಉಳಿಯುವುದು ಬೇರೆ.

ಆಗ ನನಗೆ ಹೊಳೆದದ್ದು, ಚೀಟಿ ಅಂದರೆ ಬರೀ ಕಾಗದ ಅಲ್ಲ, ಅದು ಡೇರಿ ಕೊಟ್ಟ ಮಾತು. ಮಾತು ಕೊಡುವ ಮೊದಲು ಬರೆದಿಟ್ಟುಕೊಂಡಿರಬೇಕು. ಹಾಗಾಗಿ ಚೀಟಿ ಕೊಡುವ ಕೆಲಸವನ್ನು ಕೌಂಟರ್ ಥ್ರೆಡ್‌ನಿಂದ ಕಿತ್ತು ಬರೆಯುವ ಥ್ರೆಡ್‌ಗೆ ಕೊಟ್ಟೆ. ಅದು ಮೊದಲು ಕಾರ್ಡಿಗೆ ಬರೆಯುತ್ತದೆ, ಬರೆದದ್ದು ನಿಜವಾಗಿ ಕಾರ್ಡಿಗೆ ಇಳಿಯುವಂತೆ ಸಿಸ್ಟಂ ಅನ್ನು 'ಎಫ್‌ಸಿಂಕ್' ಮೂಲಕ ಒತ್ತಾಯಿಸುತ್ತದೆ, ಆಮೇಲೆ ಆಯಾ ಕೌಂಟರ್‌ನ ಪ್ರಿಂಟರ್‌ಗೆ ಚೀಟಿ ಕಳಿಸುತ್ತದೆ. ಎಸ್‌ಎಂಎಸ್‌ಗೆ ಬೇರೆ ಥ್ರೆಡ್, ಬೇರೆ ಕ್ಯೂ. ರೇಂಜ್ ಇಲ್ಲದಿದ್ದರೆ ಅದು ನಿಂತರೂ ಚಿಂತೆ ಇಲ್ಲ.

ಚೀಟಿ ಒಂದು ಗಳಿಗೆ ತಡವಾಗಿ ಬರುತ್ತದೆ. ಆದರೆ ಚೀಟಿ ಬಂದಿದೆ ಅಂದರೆ ಎಂಟ್ರಿ ಇದೆ.

ಪರದೆ ಹೇಳದ ಸುದ್ದಿ

ಇದು ಹಳ್ಳಿಯ ಸಣ್ಣ ಯಂತ್ರದ ಮಾತು ಅನಿಸಬಹುದು. 2003ರ ಆಗಸ್ಟ್ 14ರಂದು ಅಮೆರಿಕದ ಈಶಾನ್ಯ ಭಾಗ ಮತ್ತು ಕೆನಡಾದ ಒಂದು ಭಾಗದಲ್ಲಿ ಕರೆಂಟ್ ಹೋಯಿತು. ಸುಮಾರು 5 ಕೋಟಿ ಜನ ಕತ್ತಲಲ್ಲಿ ಉಳಿದರು. ಕಾರಣಗಳು ಹಲವು, ಮರಗಳಿಗೆ ತಂತಿ ತಾಗಿದ್ದೂ ಸೇರಿ. ಆದರೆ ಅವುಗಳಲ್ಲಿ ಒಂದು, ಓಹಾಯೋ ರಾಜ್ಯದ ವಿದ್ಯುತ್ ಕಂಪನಿಯ ನಿಯಂತ್ರಣ ಕೊಠಡಿಯಲ್ಲಿದ್ದ ಅಲಾರ್ಮ್ ಸಾಫ್ಟ್‌ವೇರ್‌ನ ರೇಸ್ ಕಂಡೀಷನ್. ಅಲಾರ್ಮ್ ಕೆಲಸ ನಿಂತಿತು. ಹೊಸ ಘಟನೆಗಳು ಯಾರೂ ತೆಗೆಯದೆ ಪಾಳಿಯಲ್ಲಿ ತುಂಬುತ್ತ ಹೋದವು. ಕೊನೆಗೆ ಸರ್ವರ್ ಬಿತ್ತು, ಅದರ ಬದಲಿಗೆ ಇದ್ದ ಸರ್ವರ್ ಕೂಡ ಬಿತ್ತು. ಆ ದೋಷವನ್ನು ಕೋಡ್‌ನಲ್ಲಿ ಹುಡುಕಲು ಆಮೇಲೆ ವಾರಗಟ್ಟಲೆ ಹಿಡಿಯಿತು.

ನನ್ನನ್ನು ಕಾಡಿದ್ದು ಇನ್ನೊಂದು ವಿವರ. ಆ ಮಧ್ಯಾಹ್ನ ಬೇರೆ ಕಂಪನಿಯವರು ಫೋನ್ ಮಾಡಿ ಲೈನ್ ಟ್ರಿಪ್ ಆದದ್ದನ್ನು ಹೇಳಿದ್ದರು. ಕೊಠಡಿಯಲ್ಲಿದ್ದವರ ಪರದೆಯ ಮೇಲೆ ಅಂಥ ಅಲಾರ್ಮ್ ಏನೂ ಇರಲಿಲ್ಲ. ಎಲ್ಲ ಸರಿ ಇದೆ ಅಂದುಕೊಂಡರು. ಮನುಷ್ಯ ಹೇಳಿದ್ದಕ್ಕಿಂತ ಮಷಿನ್ ಹೇಳದೇ ಇದ್ದದ್ದಕ್ಕೆ ಬೆಲೆ ಬಂತು. ಡೇರಿಯ ಮುಂದೆ ಆದದ್ದೂ ಇದೇ ಅಲ್ಲವೇ?

ನೀವೇ ಮಾಡಿ ನೋಡಿ

ಲ್ಯಾಪ್‌ಟಾಪ್ ಇಲ್ಲದಿದ್ದರೂ ಪರವಾಗಿಲ್ಲ. ಆಂಡ್ರಾಯ್ಡ್ ಫೋನಿನಲ್ಲಿ ಟರ್ಮಕ್ಸ್ ಅನ್ನುವ ಆ್ಯಪ್ ಹಾಕಿ, ಅದರೊಳಗೆ ಕ್ಲ್ಯಾಂಗ್ ಕಂಪೈಲರ್ ಹಾಕಿಕೊಳ್ಳಿ. ಸಿ ಪ್ರೋಗ್ರಾಂ ಅಲ್ಲೇ ಓಡುತ್ತದೆ. ಎರಡು ಥ್ರೆಡ್ ಮಾಡಿ, ಒಂದೇ ಸಂಖ್ಯೆಗೆ ಒಂದೊಂದೂ ಒಂದು ಲಕ್ಷ ಸಲ ಒಂದು ಕೂಡಿಸಲಿ. ಕಂಪೈಲರ್‌ಗೆ ಆಪ್ಟಿಮೈಸ್ ಮಾಡು ಅಂತ ಹೇಳಬೇಡಿ. ಉತ್ತರ ಎರಡು ಲಕ್ಷ ಬರಬೇಕು. ಕೀಲಿ ಇಲ್ಲದೆ ನಾಲ್ಕೈದು ಸಲ ಓಡಿಸಿ. ಕಡಿಮೆ ಬಂದರೆ, ಒಂದೊಂದು ಸಲ ಒಂದೊಂದು ಉತ್ತರ ಬಂದರೆ, ಕಳೆದುಹೋದ ಎಂಟ್ರಿಗಳನ್ನು ನೀವೇ ಕಣ್ಣಾರೆ ನೋಡಿದ ಹಾಗೆ. ಆಮೇಲೆ ಮ್ಯೂಟೆಕ್ಸ್ ಹಾಕಿ ಓಡಿಸಿ.

ಲಿನಕ್ಸ್ ಇರುವ ಕಂಪ್ಯೂಟರ್ ಸಿಕ್ಕರೆ ಥ್ರೆಡ್ ಸ್ಯಾನಿಟೈಸರ್ ಬಳಸಿ. ಜಿಸಿಸಿ, ಕ್ಲ್ಯಾಂಗ್ ಎರಡರಲ್ಲೂ ಇದೆ. ಯಾವ ಸಾಲಿನಲ್ಲಿ ಎರಡು ಎಳೆಗಳು ಕೀಲಿ ಇಲ್ಲದೆ ಒಂದೇ ಜಾಗ ಮುಟ್ಟಿದವು ಅಂತ ಬೆರಳು ತೋರಿಸಿ ಹೇಳುತ್ತದೆ. ಓಡಿಸಿದ ದಾರಿಯಲ್ಲಿ ಕಂಡದ್ದನ್ನು ಮಾತ್ರ ಹೇಳುತ್ತದೆ, ಹಾಗಾಗಿ ಗದ್ದಲ ಮಾಡಿಯೇ ಓಡಿಸಬೇಕು. ನಾನು ಅದನ್ನು ಮೊದಲೇ, ಎರಡು ಕೌಂಟರ್ ಇಟ್ಟು ಓಡಿಸಿದ್ದರೆ, ಆ ಜಗಳ ಆಗುತ್ತಿರಲಿಲ್ಲ.

ಕೊನೆಗೆ ಆ ಅವ್ವನ ಮಾತು. ತಪ್ಪು ಸಿಕ್ಕ ಮೇಲೆ ಸೆಕ್ರೆಟರಿಯವರ ಜೊತೆ ಅವರ ಮನೆಗೆ ಹೋಗಿದ್ದೆ. ಆ ಒಂದು ಹೊತ್ತಿನ ಹಾಲಿನ ರೊಕ್ಕ ಲೆಕ್ಕ ಮಾಡಿ ಕೊಟ್ಟರು. ತಪ್ಪು ನಂದೇ ಅವ್ವಾ, ಮಷಿನ್‌ನ್ಯಾಗ ನಾ ಬರೆದದ್ದು ತಪ್ಪಿತ್ತು ಅಂದೆ. ಅವರು ರೊಕ್ಕ ಎಣಿಸಲಿಲ್ಲ, ಸೆರಗಿಗೆ ಕಟ್ಟಿಕೊಂಡರು.

"ಇದನ್ನ ಇಲ್ಲಿ ಹೇಳಬ್ಯಾಡ ತಮ್ಮಾ. ಸಂಜಿಕ ಡೇರಿಗೆ ಬಾ, ಎಲ್ಲಾರೂ ಪಾಳಿ ಹಚ್ಚಿರತಾರ. ಅವರ ಮುಂದ ಹೇಳ."

ಸಂಜೆ ಹೋಗಿ ಹೇಳಿದೆ.

ಇವತ್ತಿಗೆ ಇಷ್ಟು. ಎರಡು ಲಕ್ಷದ ಲೆಕ್ಕ ಮಾಡಿ ನೋಡ್ರಿ, ನಿಮಗೆ ಎಷ್ಟು ಬಂತು ಬರೆದು ತಿಳಿಸ್ರಿ. ಮುಂದಿನ ವಾರ ಸಿಗೋಣ.